ಮುಕ್ಕಾಲು ಸೆಕೆಂಡು

ಆ ಚಳಿಗಾಲಕ್ಕೆ ಫುಜಿಮೊರಿ ಮಿನೆಯೊಗೆ ನಲವತ್ತೆರಡು ತುಂಬಿತ್ತು. ಸುವಾ ಕೆರೆಯ ದಂಡೆಯ ಗಡಿಯಾರ ಕಾರ್ಖಾನೆಯಲ್ಲಿ ಎರಡು ಸಾವಿರ ಜನ ದುಡಿಯುತ್ತಿದ್ದರೂ ಹೊಂದಿಕೆ ವಿಭಾಗದ ಒಳಕೋಣೆಗೆ ಕಾಲಿಡಬಹುದಾದವರು ಮೂವರೇ. ಒಬ್ಬರು ಕಸಹಾರ ಮೇಷ್ಟ್ರು, ಇನ್ನೊಬ್ಬ ಎಂಜಿನಿಯರ್ ಉಶಿಯಾಮ, ಮೂರನೆಯವಳು ಮಿನೆಯೊ. ಹೊರಕೋಣೆಯಲ್ಲಿ ಹನ್ನೆರಡು ಹೆಂಗಸರು ಸಾಲಾಗಿ ಕೂತು ಬಿಡಿಭಾಗ ಜೋಡಿಸುತ್ತಿದ್ದರು. ಅವರ ಜೊತೆ ಏಳು ವರ್ಷ ಕೂತೇ ಅವಳು ಒಳಗೆ ಬಂದದ್ದು.

ಗಡಿಯಾರ ಜೋಡಿಸಿ ಮುಗಿಸಿದ ಮಾತ್ರಕ್ಕೆ ಅದಕ್ಕೆ ಹೊತ್ತು ತಿಳಿಯುವುದಿಲ್ಲ. ಮಲಗಿಸಿದರೆ ಅದಕ್ಕೊಂದು ನಡೆ, ನಿಲ್ಲಿಸಿದರೆ ಇನ್ನೊಂದು. ಚಳಿಯಲ್ಲಿ ಓಡುತ್ತದೆ, ಸೆಕೆಯಲ್ಲಿ ಸೋಮಾರಿಯಾಗುತ್ತದೆ. ಒಳಗೆ ಕೂದಲಿಗಿಂತ ತೆಳುವಾದ ಒಂದು ಸುರುಳಿ ಸ್ಪ್ರಿಂಗು ಉಸಿರಾಡುತ್ತಿರುತ್ತದೆ. ಅದರ ತುದಿಯನ್ನು ಚಿಮಟದಿಂದ ಎಲ್ಲಿ ಎಷ್ಟು ಬಾಗಿಸಬೇಕು, ಅದರ ಜೊತೆ ಆಚೀಚೆ ತಿರುಗುವ ಚಕ್ರದ ಯಾವ ಮಗ್ಗುಲಲ್ಲಿ ಕಣ್ಣಿಗೆ ಕಾಣದಷ್ಟು ಲೋಹ ಕೆರೆದು ತೆಗೆಯಬೇಕು ಎಂದು ಕಂಡುಹಿಡಿದು, ಹೇಗಿಟ್ಟರೂ ಎಲ್ಲಿಟ್ಟರೂ ಗಡಿಯಾರ ಒಂದೇ ನಡೆ ನಡೆಯುವಂತೆ ಮಾಡುವುದು ಹೊಂದಿಕೆಯವರ ಕೆಲಸ.

ಮಿನೆಯೊ ಹದಿನಾಲ್ಕನೇ ವಯಸ್ಸಿಗೆ ಪಕ್ಕದ ಊರಿನ ರೇಷ್ಮೆ ಗಿರಣಿಗೆ ಸೇರಿದ್ದವಳು. ಕುದಿನೀರಿನಲ್ಲಿ ತೇಲುವ ಗೂಡಿನಿಂದ ಎಳೆ ಎತ್ತಿ, ಕಡಿದ ಎಳೆಗೆ ಎಳೆ ಕೂಡಿಸಿ, ಕಣ್ಣು ಮುಚ್ಚಿಕೊಂಡರೂ ಬೆರಳು ನೋಡುತ್ತದೆ ಎನ್ನುವಷ್ಟು ಪಳಗಿದ್ದಳು. ಯುದ್ಧ ಬಂದು ಗಿರಣಿ ಮುಚ್ಚಿತು. ಆ ಬೆರಳುಗಳು ಗಡಿಯಾರಕ್ಕೆ ಬಂದವು. ಆರು ವರ್ಷದ ಹಿಂದೆ, ಒಳಕೋಣೆಗೆ ಒಬ್ಬರು ಬೇಕೆಂದಾಗ, ಕಸಹಾರ ಮೇಷ್ಟ್ರು “ಹೆಂಗಸರಿಗೆ ಇದು ಆಗೋ ಕೆಲಸ ಅಲ್ಲ” ಎಂದು ಒಂದೇ ಮಾತಿಗೆ ತಳ್ಳಿಹಾಕಿದ್ದರು. ಆಮೇಲೆ ಏನನ್ನಿಸಿತೋ, ಸಿಕ್ಕುಸಿಕ್ಕಾಗಿ ಮುದುಡಿದ ಒಂದು ಸ್ಪ್ರಿಂಗನ್ನು ಅವಳ ಮೇಜಿನ ಮೇಲಿಟ್ಟು ಹೋದರು. ಮಧ್ಯಾಹ್ನ ಬಂದು ನೋಡಿದರೆ ಸುರುಳಿ ಕನ್ನಡಿಯಂತೆ ಚಪ್ಪಟೆಯಾಗಿ ಮಲಗಿತ್ತು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹತ್ತು ನಿಮಿಷ ನೋಡಿದ ಮೇಲೆ “ನಾಳೆಯಿಂದ ಒಳಗೆ ಬಾ” ಎಂದಿದ್ದರು. ಅಷ್ಟೇ. ಹೊಗಳಿಕೆ ಅಂತ ಅವರ ಬಾಯಿಂದ ಬಂದದ್ದು ಇವತ್ತಿಗೂ ಅದೊಂದೇ.

ಈ ಸಲ ಕಾರ್ಖಾನೆ ಹತ್ತು ಕೈಗಡಿಯಾರಗಳನ್ನು ಸ್ವಿಟ್ಜರ್ಲೆಂಡಿನ ಒಂದು ವೀಕ್ಷಣಾಲಯದ ಸ್ಪರ್ಧೆಗೆ ಕಳಿಸುವುದಿತ್ತು. ಅಲ್ಲಿ ನಲವತ್ತೈದು ದಿನ, ಐದು ಭಂಗಿಯಲ್ಲಿ, ಮೂರು ಉಷ್ಣಾಂಶದಲ್ಲಿ ಇಟ್ಟು ನೋಡುತ್ತಾರೆ. ಅದಕ್ಕೂ ಮೊದಲು ಸುವಾದಲ್ಲೇ ಅಂಥದ್ದೇ ನಲವತ್ತೈದು ದಿನದ ಪರೀಕ್ಷೆ ನಡೆದು, ಗೆದ್ದವು ಮಾತ್ರ ವಿಮಾನ ಹತ್ತಬೇಕು. ಏಪ್ರಿಲ್ ಹದಿನೆಂಟಕ್ಕೆ ಹೊರಡುವ ದಿನ ನಿಗದಿಯಾಗಿತ್ತು.

ಮಿನೆಯೊ ಎರಡು ವರ್ಷದಿಂದ ಸಾಕಿಕೊಂಡು ಬಂದದ್ದು ಇಪ್ಪತ್ತೇಳನೇ ನಂಬರಿನ ಗಡಿಯಾರ. ಅದರ ಸ್ವಭಾವ ಅವಳಿಗೆ ತನ್ನ ಅತ್ತೆಯ ಸ್ವಭಾವಕ್ಕಿಂತ ಚೆನ್ನಾಗಿ ಗೊತ್ತಿತ್ತು. ಡಿಸೆಂಬರ್ ಕೊನೆಯ ಹೊತ್ತಿಗೆ ಅದು ಹೇಗಿಟ್ಟರೂ ದಿನಕ್ಕೆ ಸೆಕೆಂಡಿನ ಐದನೇ ಒಂದು ಪಾಲಿಗಿಂತ ಹೆಚ್ಚು ಅತ್ತಿತ್ತ ಆಗುತ್ತಿರಲಿಲ್ಲ. ಉಶಿಯಾಮ ದಿನಾ ಬೆಳಿಗ್ಗೆ ರೇಡಿಯೋದ ಗಂಟೆಗೆ ಹೋಲಿಸಿ ಲೆಕ್ಕ ಬರೆಯುವಾಗ ಅದರ ಸಾಲಿಗೆ ಬಂದರೆ ಸೀಟಿ ಊದುತ್ತಿದ್ದ. ಮೇಷ್ಟ್ರು “ಸೀಟಿ ಬೇಡ” ಎನ್ನುತ್ತಿದ್ದರು.

ಹೊಸ ವರ್ಷ ಕಳೆದು ಎರಡು ವಾರಕ್ಕೆ ಇಪ್ಪತ್ತೇಳು ಹಾರಿತು.

ಒಂದು ಬೆಳಿಗ್ಗೆ ನೋಡಿದರೆ ಮುಕ್ಕಾಲು ಸೆಕೆಂಡು ಮುಂದಿತ್ತು. ಮುಕ್ಕಾಲು ಸೆಕೆಂಡೆಂದರೆ ಊರಿನ ಜನಕ್ಕೆ ಏನೂ ಅಲ್ಲ. ಆ ಕೋಣೆಯಲ್ಲಿ ಅದು ಮನೆಗೆ ಕಳ್ಳ ನುಗ್ಗಿದ ಹಾಗೆ. ಮಾರನೆಯ ದಿನವೂ ಅದೇ ಮುಕ್ಕಾಲು ಸೆಕೆಂಡು, ಅದರಾಚೆಯ ದಿನವೂ ಅಷ್ಟೇ, ಹೊಸ ನಡೆಯಲ್ಲೇ ಕದಲದೆ ನಿಂತುಬಿಟ್ಟಿತು. ನಾಲ್ಕು ದಿನವಾದ ಮೇಲೆ ಮತ್ತೆ ಹಾರಿ ಹಿಂದಕ್ಕೆ ಬಂತು. ಮತ್ತೆ ಮೂರು ದಿನ ಸುಮ್ಮನಿತ್ತು. ಉಳಿದ ಒಂಬತ್ತು ಗಡಿಯಾರಗಳೂ ಕೊಂಚ ಕೊಂಚ ಅಲುಗಿದ್ದವು. ಆದರೆ ಅವು ಮೊದಲಿನಿಂದಲೂ ಅಲುಗುವ ಜಾತಿಯವಾದ್ದರಿಂದ ಯಾರಿಗೂ ಅದು ಎದ್ದು ಕಾಣಲಿಲ್ಲ.

ಉಶಿಯಾಮ ಉಷ್ಣದ ಲೆಕ್ಕ ಹಾಕಿದ, ಗಾಳಿಯ ಒತ್ತಡದ ಲೆಕ್ಕ ಹಾಕಿದ. ಅಯಸ್ಕಾಂತ ತಗುಲಿರಬಹುದೆಂದು ಪುಟ್ಟ ದಿಕ್ಸೂಚಿಯನ್ನು ಗಡಿಯಾರದ ಮೇಲೆ ಹಿಡಿದು ನೋಡಿದ. ಮುಳ್ಳು ಅಲುಗಲಿಲ್ಲ. ಅಲುಗುವುದಾದರೂ ಹೇಗೆ? ಆ ಕೋಣೆಗೆ ಅಯಸ್ಕಾಂತ ನುಗ್ಗದಂತೆ ಕಸಹಾರ ಮೇಷ್ಟ್ರು ಇಪ್ಪತ್ತು ವರ್ಷದಿಂದ ಕಾವಲು ಕೂತಿದ್ದರು. ಹೊರಬಾಗಿಲಲ್ಲಿ ಒಂದು ಪಿಂಗಾಣಿ ತಟ್ಟೆ ಇತ್ತು. ಹೆಂಗಸರೆಲ್ಲ ಹೇರ್‌ಪಿನ್ನು, ಕೊಕ್ಕೆ, ನಾಣ್ಯ ಎಲ್ಲವನ್ನೂ ಅದರಲ್ಲಿ ಹಾಕಿಯೇ ಒಳಗೆ ಬರಬೇಕು. ಹಿಂದಿನ ತಿಂಗಳು ಹಮಾ ಎಂಬುವಳ ತುರುಬಿನಲ್ಲಿ ಒಂದು ಪಿನ್ನು ಉಳಿದಿತ್ತೆಂದು ಎಲ್ಲರೆದುರು ಬೈದು ಅವಳನ್ನು ಅಳಿಸಿದ್ದರು.

ಫೆಬ್ರವರಿಯ ಮೂರನೇ ವಾರ ಮೇಷ್ಟ್ರು ಮಿನೆಯೊಳನ್ನು ಕಿಟಕಿಯ ಬಳಿ ಕರೆದರು. ಹೊರಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಜನ ಮಂಜುಗಡ್ಡೆ ಕೊರೆದು ಸಣ್ಣ ಮೀನು ಹಿಡಿಯುತ್ತ ಕೂತಿದ್ದರು. ಮೇಷ್ಟ್ರು ಬಲಗೈಯಿಂದ ಎಡ ಹೆಗಲನ್ನು ಉಜ್ಜಿಕೊಳ್ಳುತ್ತ ಹೇಳಿದರು:

“ಇಪ್ಪತ್ತೇಳನ್ನ ಬಿಟ್ಬಿಡು, ಫುಜಿಮೊರಿ-ಸಾನ್. ಮೂವತ್ತೊಂದನ್ನ ತಗೋ.”

“ಯಾಕೆ ಮೇಷ್ಟ್ರೇ?”

“ನಿನ್ನ ಕೈ ದಣಿದಿದೆ. ಕೈ ದಣಿದ್ರೆ ಸ್ಪ್ರಿಂಗಿಗೆ ಗೊತ್ತಾಗತ್ತೆ. ನಂಗೂ ನಲವತ್ತು ದಾಟಿದ ಮೇಲೆ ಒಂದೆರಡು ವರ್ಷ ಹಾಗೇ ಆಗಿತ್ತು. ನಾಚಿಕೆ ಪಡೋದೇನಿಲ್ಲ ಅದ್ರಲ್ಲಿ.”

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮೆತ್ತಗೆ ಹೇಳಿದ್ದೇ ಅವಳಿಗೆ ನಾಟಿತು.

ಆ ಸಂಜೆ ಊಟಕ್ಕೆ ಕೂತಾಗ ಗಂಡ ಕತ್ಸುಜಿ ಅವಳ ಮುಖ ನೋಡಿ ಏನಾಯಿತೆಂದು ಕೇಳಿದ. ಅವನು ರೈಲಿನ ಡ್ರೈವರು. ಅವನ ಕೆಲಸದಲ್ಲೂ ಗಡಿಯಾರವೇ ದೇವರು, ಆದರೆ ಸ್ವಲ್ಪ ಕರುಣೆಯುಳ್ಳ ದೇವರು.

“ಮುಕ್ಕಾಲು ಸೆಕೆಂಡಿಗೆ ಇಷ್ಟು ಸಪ್ಪೆ ಮುಖನಾ? ನಮ್ಮ ವೇಳಾಪಟ್ಟಿಲಿ ಹದಿನೈದು ಸೆಕೆಂಡಿಗಿಂತ ಸಣ್ಣ ಲೆಕ್ಕನೇ ಇಲ್ಲ ಕಣೆ.”

“ಅದಕ್ಕೇ ನಿಮ್ಮನ್ನ ಎಂಜಿನ್ ಓಡಿಸೋಕೆ ಬಿಟ್ಟಿರೋದು, ಸ್ಪ್ರಿಂಗ್ ಮುಟ್ಟೋಕೆ ಬಿಟ್ಟಿಲ್ಲ,” ಎಂದಳು ಮಿನೆಯೊ. ನಗು ಬಂತು, ಆದರೆ ಪೂರ್ತಿ ಬರಲಿಲ್ಲ.

ಎಪ್ಪತ್ತೊಂದು ವರ್ಷದ ಅತ್ತೆ ಶಿಗೆ ಉಪ್ಪಿನಕಾಯಿ ಸೊಪ್ಪನ್ನು ಕರುಂ ಕರುಂ ಎಂದು ಅಗಿಯುತ್ತ ತನ್ನ ಮಾತನ್ನೂ ಸೇರಿಸಿದಳು. “ಗಡಿಯಾರ ಅಷ್ಟು ಸರಿಯಾಗಿ ನಡೆಸೋಳು, ಅನ್ನ ಮಾತ್ರ ವಾರಕ್ಕೆರಡು ಸಲ ಸೀಯಿಸ್ತಾಳೆ. ಆ ಅನ್ನನ ಯಾವ ದೇಶಕ್ಕೆ ಸ್ಪರ್ಧೆಗೆ ಕಳಿಸೋದು?”

ಮಿನೆಯೊ ಆಮೇಲೆ ಅಡಿಯಲ್ಲಿ ಕೆಂಡವಿಟ್ಟ ಕೋಟಾತ್ಸು ಮೇಜಿನ ಬೆಚ್ಚನೆಯ ಹೊದಿಕೆಯೊಳಗೆ ಕಾಲು ಚಾಚಿ ತನ್ನ ಎರಡು ಕೈಗಳನ್ನೂ ದೀಪಕ್ಕೆ ಹಿಡಿದು ನೋಡಿಕೊಂಡಳು. ನಡುಗುತ್ತಿರಲಿಲ್ಲ. ಇವು ದಣಿದಿವೆಯೇ? ಇವು ದಣಿದರೆ ತನ್ನಲ್ಲಿ ಉಳಿಯುವುದೇನು? ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು. ತಪ್ಪು ತನ್ನ ಕೈಯದೇ ಆಗಿದ್ದರೆ, ತಾನು ಹೋಗದಿದ್ದಾಗ ಗಡಿಯಾರ ಹಾರಬಾರದು. ಮಾರನೆಯ ದಿನದಿಂದ ಶೀತವಾಗಿದೆಯೆಂದು ಹೇಳಿಕಳಿಸಿ ಐದು ದಿನ ಮನೆಯಲ್ಲಿ ಕೂತಳು. ಆರು ವರ್ಷದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

ಮನೆಯಲ್ಲಿ ಕೂತಳೆಂದರೆ ಅತ್ತೆ ಬಿಡುವವಳೇ? ವರ್ಷವಿಡೀ ಸಾರಿಗೆ ಬೇಕಾಗುವ ಮಿಸೋ ಮಾಡುವ ಕಾಲ. ಹಿತ್ತಲ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಸೋಯಾ ಕಾಳು ಬೇಯಿಸಿ, ಅರೆದು, ಬೂಷ್ಟು ಬರಿಸಿದ ಅಕ್ಕಿ ಮತ್ತು ಉಪ್ಪು ಕಲಸಿ, ಮುದ್ದೆ ಮಾಡಿ ಮರದ ಪೀಪಾಯಿಗೆ ತುಂಬಬೇಕು. ಐದನೆಯ ದಿನ ಮಿನೆಯೊ ಮೊಣಕೈವರೆಗೂ ಕಾಳಿನ ಮುದ್ದೆ ಮೆತ್ತಿಕೊಂಡು ಕಲಸುತ್ತಿದ್ದಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಉಶಿಯಾಮ. ಕೈಯಲ್ಲಿ ರೋಗಿಗೆಂದು ತಂದ ಕಿತ್ತಳೆಯ ಬಲೆಚೀಲ.

“ಶೀತ ಹೇಗಿದೆ ಅಂತ ನೋಡಿಹೋಗೋಣ ಅಂತ...” ಎಂದವನು ಅವಳ ಕೈ ನೋಡಿ ಅಲ್ಲಿಗೇ ನಿಲ್ಲಿಸಿದ.

“ಶೀತ ಎಲ್ಲ ಕೈಗೆ ಇಳಿದಿದೆ,” ಎಂದಳು ಶಿಗೆ ಒಳಗಿನಿಂದಲೇ. “ಒಳಗೆ ಬನ್ನಿ. ಬಾಗಿಲು ಮುಚ್ಚಿ, ಚಳಿ ಬರತ್ತೆ. ಕಿತ್ತಳೆ ಇಲ್ಲಿ ಕೊಡಿ, ರೋಗಿ ತಿನ್ನೋ ಹಾಗಿಲ್ಲ, ಅವಳ ಅತ್ತೆ ತಿಂತಾಳೆ.”

ಉಶಿಯಾಮ ಟೋಕಿಯೋದಲ್ಲಿ ಓದಿದವನು, ಮೂವತ್ತೈದರ ಹತ್ತಿರ, ಯಾವಾಗಲೂ ಎದೆಯ ಜೇಬಿನಲ್ಲಿ ಲೆಕ್ಕ ಹಾಕುವ ಜಾರುಪಟ್ಟಿ ಸಿಕ್ಕಿಸಿಕೊಂಡಿರುತ್ತಿದ್ದ. ಮೆಟ್ಟಿಲ ಮೇಲೆ ಕೂತು ಚಹಾದ ಬಟ್ಟಲು ತಿರುಗಿಸಿದ.

“ಇಪ್ಪತ್ತೇಳು ಮತ್ತೆ ಹಾರಿತು,” ಎಂದ ಕೊನೆಗೆ.

ಮಿನೆಯೊ ಕಲಸುವುದನ್ನು ನಿಲ್ಲಿಸಿದಳು. “ಯಾವಾಗ?”

“ಗುರುವಾರ ಬೆಳಿಗ್ಗೆ ನೋಡಿದ್ರೆ ಮುಕ್ಕಾಲು ಸೆಕೆಂಡು. ನೀವಿರಲಿಲ್ಲ.”

ತಾನಿರಲಿಲ್ಲ. ಹಾಗಾದರೆ ತನ್ನ ಕೈಯಲ್ಲ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟಂತಾಗಿ ಅವಳು ಒಂದು ಕ್ಷಣ ಪೀಪಾಯಿಯ ಅಂಚು ಹಿಡಿದು ನಿಂತಳು. ಆಮೇಲೆ ಕೇಳಿದಳು: “ಬುಧವಾರ ಕೀಲಿ ಕೊಟ್ಟೋರು ಯಾರು?”

ದಿನಾ ಬೆಳಿಗ್ಗೆ ಗಡಿಯಾರಗಳನ್ನು ರೇಡಿಯೋಗೆ ಹೋಲಿಸಿದ ಮೇಲೆ ಕೀಲಿ ಕೊಡಬೇಕು. ಮೂವರಲ್ಲಿ ಯಾರು ಮೊದಲು ಬರುತ್ತಾರೋ ಅವರು ಕೊಡುವುದು ವಾಡಿಕೆ. ಯಾರು ಯಾವತ್ತು ಕೊಟ್ಟರೆಂದು ಬರೆದಿಡುವ ಪದ್ಧತಿ ಇರಲಿಲ್ಲ.

ಉಶಿಯಾಮ ಬಟ್ಟಲಿನೊಳಗೇ ನೋಡುತ್ತ ಹೇಳಿದ: “ಉಳಿದ ದಿನ ಎಲ್ಲ ನಾನೇ. ಬುಧವಾರ ಬಸ್ಸು ತಡವಾಯ್ತು. ಬುಧವಾರ ಮೇಷ್ಟ್ರು.”

ಮಿನೆಯೊ ಮತ್ತೆ ಮುದ್ದೆಗೆ ಕೈಹಾಕಿದಳು.

“ನಾನು ಏನೂ ಹೇಳ್ಲಿಲ್ಲ,” ಎಂದ ಉಶಿಯಾಮ.

“ನಾನೂ ಏನೂ ಕೇಳ್ಲಿಲ್ಲ,” ಎಂದಳು ಮಿನೆಯೊ.

“ಅವರ ಕೈ ನಮ್ಮೆಲ್ಲರಿಗಿಂತ ಹಗುರ. ಅವರು ಕೀಲಿ ಕೊಟ್ರೆ ಯಾಕೆ ಹಾರ್ಬೇಕು ಹೇಳಿ? ಲೆಕ್ಕಕ್ಕೇ ಸಿಗಲ್ಲ.”

ಇಷ್ಟು ಹೊತ್ತಿಗೆ ಶಿಗೆ ಪೀಪಾಯಿಯ ಮೇಲೆ ಕಟ್ಟುವ ಬಟ್ಟೆಗೆ ಹೊಲಿಗೆ ಹಾಕಲು ಕೂತಿದ್ದಳು. ಸೂಜಿ ಕೈಜಾರಿತು. ಅವಳು ಹುಡುಕುವ ಗೊಡವೆಗೇ ಹೋಗದೆ ಚಾಪೆಯ ಮೇಲೆ ಎಡಗೈಯನ್ನು ಆಡಿಸಿದಳು. ಕೈ ಎತ್ತಿದರೆ ಮಣಿಕಟ್ಟಿನ ಕಡಗಕ್ಕೆ ಸೂಜಿ ಮೀನಿನಂತೆ ಕಚ್ಚಿಕೊಂಡಿತ್ತು.

“ನೋಡಿದ್ರಾ? ಇನ್ನು ಕನ್ನಡಕನೂ ಬೇಡ,” ಎಂದಳು ಹೆಮ್ಮೆಯಿಂದ.

“ಅದೇನತ್ತೆ ಅದು?”

“ಅಯಸ್ಕಾಂತದ ಕಡಗ. ರಕ್ತ ಚೆನ್ನಾಗಿ ಓಡತ್ತಂತೆ, ಕೀಲುನೋವು ಹೋಗತ್ತಂತೆ. ಬಿಸಿನೀರ ಬುಗ್ಗೆಯ ಸ್ನಾನದ ಮನೆಗೆ ಒಬ್ಬಳು ಮಾರೋಕೆ ಬಂದಿದ್ಲು. ಡಿಸೆಂಬರಲ್ಲೇ ತಗೊಂಡೆ. ಮನೇಲಿ ಸೊಸೆ ಅಂತ ಒಬ್ಬಳಿದ್ರೆ ತಾನೇ ಅತ್ತೆ ಕೈ ನೋಡೋದು! ನಮ್ಮ ಬೀದಿಲಿ ಎಲ್ಲರ ಕೈಲೂ ಇದೆ. ನಿಮ್ಮ ಕಸಹಾರನ ಹೆಂಡತಿ ಒಂದಲ್ಲ, ಎರಡು ತಗೊಂಡ್ಲು. ಗಂಡನಿಗೆ ಎಡ ಹೆಗಲು ಎತ್ತೋಕಾಗಲ್ಲವಂತೆ. ‘ಹೊಸ ವರ್ಷಕ್ಕೆ ಅವರ ಕೈಗೆ ಹಾಕೇಬಿಡ್ತೀನಿ, ನಾಚ್ಕೊಂಡ್ರೆ ತೋಳಿನೊಳಗೆ ಮುಚ್ಕೊಳ್ಲಿ’ ಅಂತಿದ್ಲು.”

ಉಶಿಯಾಮನ ಕೈಯಲ್ಲಿದ್ದ ಬಟ್ಟಲು ಓರೆಯಾಗಿ ಚಹಾ ಅವನ ಪ್ಯಾಂಟಿನ ಮೇಲೆ ಚೆಲ್ಲಿತು. ಅವನಿಗೆ ಅದರ ಅರಿವೇ ಆಗಲಿಲ್ಲ.

ಕೀಲಿ ಕೊಡುವಾಗ ಗಡಿಯಾರವನ್ನು ಎಡಗೈಯಲ್ಲಿ ಹಿಡಿಯುತ್ತಾರೆ. ಎಡ ಮಣಿಕಟ್ಟಿನಿಂದ ಗಡಿಯಾರಕ್ಕೆ ಮೂರು ಬೆರಳಿನ ದೂರ. ಸ್ಪ್ರಿಂಗಿನಲ್ಲಿ ಉಳಿಯುವ ಕಾಂತಶಕ್ತಿ ದಿಕ್ಸೂಚಿಯ ಮುಳ್ಳಿಗೆ ತಿಳಿಯದಷ್ಟು ಸಣ್ಣದು. ಆದರೆ ದಿನಕ್ಕೆ ನಾಲ್ಕು ಲಕ್ಷ ಸಲಕ್ಕೂ ಹೆಚ್ಚು ಉಸಿರಾಡುವ ಸ್ಪ್ರಿಂಗಿಗೆ ತಿಳಿಯದೆ ಇರುತ್ತದೆಯೇ? ಪ್ರತಿ ಸಲ ಗಡಿಯಾರ ಬೇರೆ ಬೇರೆ ಕೋನದಲ್ಲಿ ಕೈಗೆ ಬರುತ್ತಿತ್ತು. ಅದಕ್ಕೇ ಒಮ್ಮೆ ಮುಂದಕ್ಕೆ ಹಾರಿ ಇನ್ನೊಮ್ಮೆ ಹಿಂದಕ್ಕೆ ಬರುತ್ತಿದ್ದುದು.

“ಹೇಗೆ ಹೇಳೋದು?” ಎಂದ ಉಶಿಯಾಮ, ಹೊರಡುವಾಗ ಬೂಟಿನ ದಾರ ಕಟ್ಟುತ್ತ. “ಹಮಾಳನ್ನ ಒಂದು ಪಿನ್ನಿಗೆ ಅಳಿಸಿದೋರು. ಅವರ ಮುಖಕ್ಕೆ ಹೇಳಿದ್ರೆ ಅವರು ಮತ್ತೆ ಕೋಣೆಗೇ ಬರಲ್ಲ. ಹೇಳದಿದ್ರೆ ಹತ್ತು ಗಡಿಯಾರನೂ ಹಾಳು.”

“ನೀವು ಹೇಳ್ಬೇಡಿ,” ಎಂದಳು ಮಿನೆಯೊ. “ನಾನೂ ಹೇಳಲ್ಲ. ನೋಡೋಣ.”

ಸೋಮವಾರ ಅವಳು ಎಲ್ಲರಿಗಿಂತ ಮೊದಲು ಬಂದಳು. ಒಳಕೋಣೆಯಲ್ಲಿ, ಕೀಲಿ ಕೊಡುವ ಮೇಜಿನ ಹಸಿರು ಬಟ್ಟೆಯ ಮೇಲೆ, ಎಡಗೈ ಊರುವ ಜಾಗದ ಪಕ್ಕದಲ್ಲೇ ಉಶಿಯಾಮನ ದಿಕ್ಸೂಚಿಯನ್ನು ಮುಚ್ಚಳ ತೆಗೆದು ಇಟ್ಟಳು. ಹೊರಗೆ ಹಿಮ ತುಳಿಯುವ ಸದ್ದು. ಮೇಷ್ಟ್ರ ಹೆಜ್ಜೆ. ಕೆಟಲು ಎತ್ತಿಕೊಂಡು ಹೊರಟಳು.

“ಶೀತ ಹೋಯ್ತಾ?” ಎಂದರು ಮೇಷ್ಟ್ರು ಬಾಗಿಲಲ್ಲಿ.

“ಹೋಯ್ತು ಮೇಷ್ಟ್ರೇ. ಬಿಸಿನೀರು ತರ್ತೀನಿ. ನೀವು ಶುರು ಮಾಡಿ.”

ಬಾಯ್ಲರ್ ಕೋಣೆ ಅಂಗಳದಾಚೆ. ಹೋಗಿ ಬರಲು ಐದು ನಿಮಿಷ ಸಾಕು. ಅವಳು ಹದಿನೈದು ನಿಮಿಷ ಮಾಡಿದಳು. ಕೆಟಲು ತುಂಬಿದ ಮೇಲೂ ಅಲ್ಲೇ ಬೆಚ್ಚಗೆ ನಿಂತು, ಬಾಯ್ಲರ್ ನೋಡಿಕೊಳ್ಳುವವನ ಮೊಮ್ಮಗಳ ನಾಮಕರಣದ ಕತೆಯನ್ನೆಲ್ಲ ಕೇಳಿದಳು. ಒಂದು ಮಾತೂ ತಲೆಗೆ ಹೋಗಲಿಲ್ಲ.

ವಾಪಸು ಬಂದಾಗ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಎಡಗೈ ತೊಡೆಯ ಮೇಲೆ. ಗಡಿಯಾರದ ಪೆಟ್ಟಿಗೆಯನ್ನು ತೆರೆದಿರಲಿಲ್ಲ. ದಿಕ್ಸೂಚಿಗೆ ಮುಚ್ಚಳ ಹಾಕಿ ನೀಟಾಗಿ ಪಕ್ಕಕ್ಕೆ ಸರಿಸಿಟ್ಟಿದ್ದರು.

“ಇವತ್ತು ಕೀಲಿ ನೀನೇ ಕೊಡು,” ಎಂದರು. ದನಿ ಕೊಂಚ ಒರಟಾಗಿತ್ತು. ಎದ್ದು ಹೊರಗೆ ಹೋದರು.

ಮಿನೆಯೊ ಗಡಿಯಾರಗಳಿಗೆ ಒಂದೊಂದಾಗಿ ಕೀಲಿ ಕೊಟ್ಟಳು. ತಾನು ಮಾಡಿದ್ದು ಸರಿಯೋ, ಹಿರಿಯರ ಕಾಲ ಕೆಳಗೆ ಹಗ್ಗ ಕಟ್ಟಿದ ಹಾಗಾಯಿತೋ ಅವಳಿಗೆ ಗೊತ್ತಾಗಲಿಲ್ಲ. ಇವತ್ತೇ ಅವರು ಕೆಲಸ ಬಿಟ್ಟು ಹೋದರೆ? ಆರು ವರ್ಷ ಅವರ ಪಕ್ಕ ಕೂತು ಕಲಿತದ್ದೆಲ್ಲ ನೆನಪಾಯಿತು.

ಎಂಟೂವರೆಗೆ ಹೊರಕೋಣೆಯಲ್ಲಿ ಎಲ್ಲರೂ ನಿಂತು ನಮಸ್ಕರಿಸಿ ಕೆಲಸ ಶುರುಮಾಡುವುದು ರೂಢಿ. ಅವತ್ತು ನಮಸ್ಕಾರವಾದ ಮೇಲೂ ಮೇಷ್ಟ್ರು ಕೂರಲು ಹೇಳಲಿಲ್ಲ. ಬಾಗಿಲ ಬಳಿಗೆ ಹೋಗಿ, ಬಿಳಿ ಕೋಟಿನ ತೋಳು ಮೇಲೆತ್ತಿ, ಕಡಗ ಬಿಚ್ಚಿ ಪಿಂಗಾಣಿ ತಟ್ಟೆಗೆ ಹಾಕಿದರು. ಠಣ್ಣೆಂದಿತು. ತಟ್ಟೆಯಲ್ಲಿದ್ದ ಹೇರ್‌ಪಿನ್ನುಗಳೆಲ್ಲ ಒಟ್ಟಿಗೆ ಜಿಗಿದು ಕಡಗಕ್ಕೆ ಅಂಟಿಕೊಂಡವು. ಮುಂದಿನ ಸಾಲಿನ ಹೆಂಗಸರು ಕತ್ತು ಚಾಚಿ ನೋಡಿದರು.

“ಹೊಸ ವರ್ಷದಿಂದ ಇದು ನನ್ನ ಕೈಲಿತ್ತು,” ಎಂದರು ಮೇಷ್ಟ್ರು. “ಇದನ್ನ ಹಾಕ್ಕೊಂಡು ಹತ್ತು ಗಡಿಯಾರಕ್ಕೂ ಕೀಲಿ ಕೊಟ್ಟಿದೀನಿ. ಒಂದೂವರೆ ತಿಂಗಳಿಂದ ನೀವೆಲ್ಲ ಹುಡುಕ್ತಾ ಇದ್ದ ತಪ್ಪು ಇದು. ನನ್ನದು. ಹಮಾ-ಸಾನ್, ಒಂದು ಪಿನ್ನಿಗೆ ನಿನಗೆ ಎಲ್ಲರೆದುರು ಬೈದಿದ್ದೆ. ಎಲ್ಲರೆದುರೇ ಕ್ಷಮೆ ಕೇಳ್ತೀನಿ.” ಸೊಂಟದಿಂದ ಬಾಗಿದರು. ನೆರೆತ ತಲೆ ಸ್ವಲ್ಪ ಹೊತ್ತು ಮೇಲೇಳಲಿಲ್ಲ.

ಹಮಾ ಗಾಬರಿಯಿಂದ ಅವರಿಗಿಂತ ಕೆಳಗೆ ಬಾಗಿದಳು. ಕೊನೆಯ ಸಾಲಿನಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಹೆಂಗಸು, ಬಾಯಿ ಸುಮ್ಮನಿಡಲು ಎಂದೂ ಬಾರದವಳು, ಕೇಳಿಯೇಬಿಟ್ಟಳು: “ಹೋಗ್ಲಿ ಮೇಷ್ಟ್ರೇ, ಹೆಗಲು ನೋವಾದ್ರೂ ವಾಸಿಯಾಯ್ತಾ?”

ಮೇಷ್ಟ್ರು ತಲೆಯೆತ್ತಿ ಯೋಚಿಸಿದರು. “ಇಲ್ಲ,” ಎಂದರು.

ಮೊದಲು ಹಮಾ ಕಿಸಕ್ಕೆಂದಳು. ಆಮೇಲೆ ಕೋಣೆಗೆ ಕೋಣೆಯೇ ನಕ್ಕಿತು. ಮೇಷ್ಟ್ರ ಮೀಸೆಯೂ ಅಲುಗಿದ್ದನ್ನು ಮಿನೆಯೊ ಕಂಡಳು.

ಮಧ್ಯಾಹ್ನ ಡಬ್ಬಿ ಊಟ ಮುಗಿಸಿ ಇಬ್ಬರೇ ಇದ್ದಾಗ ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: “ದಿಕ್ಸೂಚಿನ ನೀನು ಬೇಕಂತಲೇ ಇಟ್ಟಿದ್ದೆ.”

“ಮರೆತು ಇಟ್ಟುಬಿಟ್ಟಿದ್ದೆ ಮೇಷ್ಟ್ರೇ.”

“ಆರು ವರ್ಷದಲ್ಲಿ ನೀನು ಒಂದು ಸ್ಕ್ರೂ ಮರೆತಿದ್ದು ನಾ ಕಾಣೆ.”

ಮಿನೆಯೊ ಊಟದ ಡಬ್ಬಿಗೆ ಬಟ್ಟೆ ಸುತ್ತತೊಡಗಿದಳು.

“ನಿನ್ನ ಕೈ ದಣಿದಿದೆ ಅಂದಿದ್ದೆನಲ್ಲ,” ಎಂದರು ಅವರು. “ಆ ಮಾತು ವಾಪಸು ತಗೋತೀನಿ. ದಣಿದಿದ್ದು ನನ್ನ ಹೆಗಲು. ಅದನ್ನ ಮುಚ್ಚಿಟ್ಕೊಂಡೆ. ಹೊಂದಿಕೆಯವನು ತನ್ನ ಮೈನೋವು ಮುಚ್ಚಿಡಬಾರದು. ಮುಚ್ಚಿಟ್ರೆ ಎಲ್ಲಾದ್ರೂ ಒಂದು ಕಡೆ ಹೊರಗೆ ಬರತ್ತೆ.”

“ನಮ್ಮತ್ತೆಗೆ ನೋವಿರೋ ಕಡೆ ಒಣಗಿದ ಮೊಗ್ಸಾ ಸೊಪ್ಪಿಟ್ಟು ಸುಡೋದು ಚೆನ್ನಾಗಿ ಗೊತ್ತು ಮೇಷ್ಟ್ರೇ. ಅದಕ್ಕೆ ಕಾಂತ ಗೀಂತ ಏನೂ ಇಲ್ಲ.”

“ಬಹಳ ಉರಿಯತ್ತಾ?”

“ಸೆಕೆಂಡು ಲೆಕ್ಕ ಹಾಕ್ತಾ ಇದ್ರೆ ಉರಿ ಗೊತ್ತಾಗಲ್ಲ.”

ಹತ್ತೂ ಗಡಿಯಾರಗಳನ್ನು ಕಾಂತ ಇಳಿಸುವ ಯಂತ್ರದ ಸುರುಳಿಯೊಳಗೆ ಮೆಲ್ಲಗೆ ತೂರಿಸಿ ತೆಗೆದು, ಮಾರ್ಚ್ ಎರಡರಿಂದ ಹೊಸದಾಗಿ ಪರೀಕ್ಷೆ ಶುರುಮಾಡಿದರು. ನಲವತ್ತೈದು ದಿನವೆಂದರೆ ಏಪ್ರಿಲ್ ಹದಿನೈದು. ಹೊರಡುವುದಕ್ಕೆ ಮೂರೇ ದಿನ ಉಳಿಯುತ್ತಿತ್ತು, ಒಂದು ದಿನವೂ ತಪ್ಪುವಂತಿರಲಿಲ್ಲ. ಯಾರು ಕೀಲಿ ಕೊಟ್ಟರೆಂದು ಬರೆಯಲು ಉಶಿಯಾಮ ಪುಸ್ತಕದಲ್ಲಿ ಹೊಸ ಸಾಲು ಎಳೆದ. ಮೊದಲ ಹೆಸರನ್ನು ಮೇಷ್ಟ್ರೇ ಬರೆದರು. ವಾರಕ್ಕೆರಡು ಸಂಜೆ ಅವರು ಫುಜಿಮೊರಿ ಮನೆಗೆ ಬಂದು ಅಂಗಿ ಬಿಚ್ಚಿ ಕೂರುತ್ತಿದ್ದರು. ಶಿಗೆ ಹೆಗಲ ಮೇಲೆ ಸೊಪ್ಪಿನ ಪುಟ್ಟ ಗುಡ್ಡೆಗಳನ್ನಿಟ್ಟು ಊದುಕಡ್ಡಿಯಿಂದ ಕಿಡಿ ಹಚ್ಚುತ್ತಿದ್ದಳು. “ಗಂಡಸಾಗಿ ಇಷ್ಟಕ್ಕೆ ಹಲ್ಲು ಕಚ್ತೀರಲ್ಲ, ಹತ್ತು ಹೆತ್ತಿದ್ರೆ ಏನು ಮಾಡ್ತಿದ್ರಿ?” ಎಂದು ರೇಗಿಸುತ್ತಿದ್ದಳು. ಕತ್ಸುಜಿ ಪಕ್ಕದಲ್ಲಿ ಕೂತು ತನ್ನ ರೈಲ್ವೆ ಗಡಿಯಾರ ಹಿಡಿದು ಸುಡುವ ಹೊತ್ತಿನ ಲೆಕ್ಕ ಹೇಳುತ್ತಿದ್ದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ “ನಿಮ್ಮ ಗಡಿಯಾರ ಎರಡು ಸೆಕೆಂಡು ಹಿಂದಿದೆ” ಎನ್ನುತ್ತಿದ್ದರು. ಮೂರನೇ ವಾರದ ಹೊತ್ತಿಗೆ ಹೆಗಲು ಸಲೀಸಾಗಿ ಮೇಲೇಳತೊಡಗಿತು.

ಇಪ್ಪತ್ತೇಳು ಆ ನಲವತ್ತೈದು ದಿನವೂ ಎಲ್ಲಿಯೂ ಹಾರಲಿಲ್ಲ. ಕೆರೆಯ ಮಂಜುಗಡ್ಡೆ ಒಡೆದು ಕರಗಿತು, ದಂಡೆಯ ಮರಗಳಲ್ಲಿ ಮೊಗ್ಗು ಕಂಡಿತು. ಉಶಿಯಾಮ ಸೀಟಿ ಊದಿದರೆ ಮೇಷ್ಟ್ರು ಈಗ ಸುಮ್ಮನಿರುತ್ತಿದ್ದರು. ಕೊನೆಯ ದಿನ ಲೆಕ್ಕ ತೆಗೆದಾಗ ಹತ್ತರಲ್ಲಿ ಏಳು ಗೆದ್ದಿದ್ದವು. ಮೊದಲ ಸಾಲಿನಲ್ಲಿ ಇಪ್ಪತ್ತೇಳು, ಅದರ ಕೆಳಗೆ ಮೇಷ್ಟ್ರೇ ಹೊಂದಿಸಿದ ಹನ್ನೊಂದು.

ಗಡಿಯಾರಗಳ ಜೊತೆ ಕಳಿಸುವ ಅರ್ಜಿ ತುಂಬುವಾಗ ‘ಹೊಂದಿಸಿದವರು’ ಎಂಬಲ್ಲಿ ಒಂದು ಹೆಸರು ಬೇಕಿತ್ತು. ಇಲ್ಲಿಯವರೆಗೆ ಯಾರು ಹೊಂದಿಸಿದರೂ ಅಲ್ಲಿ ವಿಭಾಗದ ಮುಖ್ಯಸ್ಥರ ಹೆಸರೇ ಹೋಗುತ್ತಿತ್ತು. ಮೇಷ್ಟ್ರು ಇಪ್ಪತ್ತೇಳರ ಅರ್ಜಿಯನ್ನು ಎಳೆದುಕೊಂಡು, ಉಶಿಯಾಮನಿಂದ ಪರದೇಶದ ಅಕ್ಷರಗಳನ್ನು ಒಂದೊಂದಾಗಿ ಕೇಳಿ, ನಾಲಿಗೆ ಕಚ್ಚಿಕೊಂಡು ತಾವೇ ಬರೆದರು. ಮಿನೆಯೊ ಮೇಜಿನ ಆಚೆ ನಿಂತಿದ್ದಳು.

“ಮೇಷ್ಟ್ರೇ, ಆಡಳಿತದೋರು ಏನಂತಾರೋ...”

“ಅಲ್ಲಿಯೋರು ‘ಹೊಂದಿಸಿದವರು ಯಾರು’ ಅಂತ ಕೇಳಿದಾರೆ. ‘ಮುಖ್ಯಸ್ಥರು ಯಾರು’ ಅಂತ ಕೇಳಿಲ್ಲ. ಕೇಳಿದ್ದಕ್ಕೆ ಉತ್ತರ ಬರೀತಿದೀನಿ. ಇದರಲ್ಲೂ ಸರಿಯಾಗಿ ಇಲ್ಲದಿದ್ರೆ ಇನ್ನ್ಯಾವುದರಲ್ಲಿ ಸರಿ ಇರ್ತೀವಿ?”

ಶರತ್ಕಾಲದಲ್ಲಿ, ಸುವಾದಲ್ಲಿ ಮತ್ತೆ ಚಳಿ ಕಾಲಿಡುವಾಗ, ಫಲಿತಾಂಶ ಬಂತು. ನೂರಾರು ಗಡಿಯಾರಗಳ ನಡುವೆ ಇಪ್ಪತ್ತೇಳಕ್ಕೆ ಎಂಟನೆಯ ಸ್ಥಾನ, ಹನ್ನೊಂದಕ್ಕೆ ಹದಿನಾಲ್ಕನೆಯದು. ಅವತ್ತು ಸಂಜೆ ವಿಭಾಗದವರೆಲ್ಲ ಸೇರಿ ಸಾಕೆ ಮದ್ಯ ಕುಡಿದರು. ಮೇಷ್ಟ್ರು ಎರಡೂ ಕೈ ತಲೆಯ ಮೇಲೆತ್ತಿ ತಮ್ಮ ಹಳ್ಳಿಯ ಮರ ಎಳೆಯುವ ಪದ ಹಾಡಿದರು. ದನಿ ಚೂರೂ ಹೊಂದಿಕೆಯಲ್ಲಿರಲಿಲ್ಲ. ಹಮಾ ಅದನ್ನು ಅವರ ಮುಖಕ್ಕೇ ಹೇಳಿದಳು.

ಕೆಲವು ದಿನದ ಮೇಲೆ ಅಂಚೆಯಲ್ಲಿ ದಪ್ಪ ಕಾಗದದ ಪ್ರಮಾಣಪತ್ರ ಬಂತು. ಮೊಹರು, ಅಂಕಿಗಳು, ಕೆಳಗೆ ಉದ್ದನೆಯ ಒಂದು ಸಾಲಿನಲ್ಲಿ ಅವಳ ಹೆಸರು. ಮಿನೆಯೊ ಕೆಲಸದಿಂದ ಬರುವಷ್ಟರಲ್ಲಿ ಶಿಗೆ ಅದಕ್ಕೆ ತಾನೇ ಚೌಕಟ್ಟು ಹಾಕಿ, ಮನೆಯ ಪೂಜಾಮಂಟಪದಲ್ಲಿ ತೀರಿಹೋದ ಗಂಡನ ಪಟದ ಪಕ್ಕ ನಿಲ್ಲಿಸಿ, ಮುಂದೆ ಒಂದು ಬಟ್ಟಲು ಅನ್ನ ಇಟ್ಟಿದ್ದಳು.

“ನಿಮ್ಮ ಮಾವನಿಗೆ ಓದಿ ಹೇಳಿದೆ,” ಎಂದಳು.

“ನಿಮಗೆ ಆ ಅಕ್ಷರ ಓದೋಕೆ ಬರತ್ತಾ ಅತ್ತೆ?”

“ಅವರಿಗೂ ಬರಲ್ಲವಲ್ಲ. ನಾನು ಹೇಳಿದ್ದೇ ಸರಿ. ಜಗತ್ತಿಗೆಲ್ಲ ಹೊತ್ತು ಹೇಳೋ ಸೊಸೆ ಅಂತ ಹೇಳಿದೆ. ಅನ್ನದ ವಿಷಯ ತೆಗೀಲಿಲ್ಲ.”

ಮಿನೆಯೊ ಮಂಡಿಯೂರಿ ಊದುಕಡ್ಡಿ ಹಚ್ಚಿ ತಲೆಯೆತ್ತಿ ನೋಡಿದಳು. ಚೌಕಟ್ಟಿನೊಳಗೆ ಪ್ರಮಾಣಪತ್ರ ತಲೆಕೆಳಗಾಗಿತ್ತು. ಹಿಂದಿನಿಂದ ಬಂದ ಕತ್ಸುಜಿಯೂ ಅದನ್ನು ಕಂಡು ಬಾಯಿ ತೆರೆದ. ಮಿನೆಯೊ ಅವನ ತೋಳು ಚಿವುಟಿದಳು. ಅತ್ತೆ ಅಷ್ಟು ಖುಷಿಯಲ್ಲಿ ಅಡುಗೆಮನೆಗೆ ಹೋಗಿ ಮಿಸೋ ಸಾರಿನ ಪಾತ್ರೆ ಒಲೆಗಿಡುತ್ತಿದ್ದಳು. ಮೂರು ಬಟ್ಟಲು ತೆಗೆಯಲು ಮಿನೆಯೊ ಎದ್ದು ಅವಳ ಹಿಂದೆಯೇ ಹೋದಳು.